ಮೇಷ್ಟ್ರು ಕೂತಿದ್ದ ಬೆಂಚು

ಗ್ಯಾರೇಜಿನ ಮೇಜಿನಿಂದ,
ತಾರೀಕು ಹದಿನಾಲ್ಕು, ಗುರುವಾರ, ಮಧ್ಯಾಹ್ನ

ನನ್ನ ಮುಂಗೋಪಿ ಮಗನಿಗೆ, ಆ ವಿಷಯದಲ್ಲಿ ನಿನಗಿಂತ ಒಂದು ಕೈ ಮೇಲಾದ ಅಪ್ಪನ ಆಶೀರ್ವಾದಗಳು.

ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ಹೋದ ಸಲ ಅಮ್ಮನಿಗೆ ಬರೆದ ಕಾಗದದಲ್ಲಿ ಸೊಂಟ ಹಿಡಿದಿದೆ ಎಂದಿದ್ದೆ. ಕಾಗದ ಬಂದದ್ದು ಅವಳಿಗೆ, ನನಗಲ್ಲ. ಆದರೆ ಅವಳು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದುತ್ತಾಳೆ, ನಾನು ಹಜಾರದಲ್ಲಿ ಕಿವಿಯೇ ಇಲ್ಲದವನಂತೆ ಕೂತಿರುತ್ತೇನೆ. ಆ ಹೊಸ ಗ್ಯಾರೇಜಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲಾ ಇಲ್ಲಿಯ ಹಾಗೆಯೇ ಗ್ರೀಸು ತೊಳೆಯಲು ಸೋಮಾರಿತನ ಮಾಡಿ ಹಸಿದುಕೊಂಡೇ ಇರುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ತಂಗಿಯೂ ಚೆನ್ನಾಗಿದ್ದಾಳೆ. ನಾನೂ ಇದ್ದೇನೆ, ಇದ್ದೇನೆ ಎನ್ನುವುದೇ ಈ ವಾರದ ಸುದ್ದಿ.

ನೀನು ಹೋಗಿ ಹನ್ನೊಂದು ತಿಂಗಳಾಯಿತು. ಯಾಕೆ ಹೋದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಕಾರು ಎತ್ತಿದ ಮೇಲೆ ಅದರ ಕೆಳಗೆ ಆನಿಕೆ ಕೊಡಲು ನೀನು ಎರಡು ಕಬ್ಬಿಣದ ಸ್ಟ್ಯಾಂಡ್ ತಂದೆ. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ ಎಂದೆ. ನಾನು ನಾಲ್ಕು ಜನ ಗಿರಾಕಿಗಳ ಎದುರು, “ಕಾರಿಗೂ ಊರುಗೋಲು ಬೇಕೇನೋ ಪುಕ್ಕಲಾ?” ಎಂದು ನಕ್ಕೆ. ಅವರೂ ನಕ್ಕರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನೀನು ಹೋದ ಮೇಲೆ ಆ ಸ್ಟ್ಯಾಂಡುಗಳನ್ನು ಏನು ಮಾಡಿದೆ ಗೊತ್ತೆ? ಎರಡರ ಮೇಲೂ ಒಂದು ಹಲಗೆ ಇಟ್ಟು ಗಿರಾಕಿಗಳು ಕೂರಲು ಬೆಂಚು ಮಾಡಿದೆ. ಬಲು ಗಟ್ಟಿ ಬೆಂಚು. ನಿನ್ನ ಜಾಗದಲ್ಲಿ ಈಗ ನಿನ್ನ ತಂಗಿಯೇ ಕೆಲಸ ಮಾಡುತ್ತಾಳೆ. ಕೈ ನಿನ್ನದಕ್ಕಿಂತ ಚುರುಕು, ಬಾಯಿ ಅಮ್ಮನದು. ಅವಳು ದಿನಾ ಬೆಂಚು ಕಳಚಿ ಸ್ಟ್ಯಾಂಡುಗಳನ್ನು ಕಾರಿನ ಕೆಳಗಿಡುವುದು, ನಾನು ಸಂಜೆ ಮತ್ತೆ ಬೆಂಚು ಕಟ್ಟುವುದು, ಹೀಗೇ ನಡೆದಿತ್ತು.

ಮಂಗಳವಾರ ನಿನ್ನ ಲೆಕ್ಕದ ಮೇಷ್ಟ್ರು ಕಾರು ತಂದರು. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಎಂದರು. ಹಿಂದಿನ ಎರಡೂ ಚಕ್ರ ಬಿಚ್ಚಿ ನೋಡಿದರೆ ಒಳಗೆಲ್ಲ ಸರಿಯಿದೆ. ಕೇಬಲ್ಲೇ ಕೆಳಗೆಲ್ಲೋ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಕಾರಿನ ಅಡಿಯಲ್ಲಿ ಮಲಗದೆ ವಿಧಿಯಿಲ್ಲ. ಸ್ಟ್ಯಾಂಡ್ ಬೇಕು ಎಂದಳು ನಿನ್ನ ತಂಗಿ. ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದಾರೆ, ಕಾಲ ಮೇಲೆ ಕಾಲು ಹಾಕಿ, ಪೇಪರ್ ಬಿಡಿಸಿಕೊಂಡು. ನಿನಗೆ ವಿದ್ಯೆ ಕಲಿಸಿದವರನ್ನು ಸ್ವಲ್ಪ ಎದ್ದೇಳಿ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಗದರಿಸಿದೆ. ಎರಡು ನಿಮಿಷದ ಕೆಲಸ, ಜ್ಯಾಕ್ ಸಾಕು ಎಂದೆ. ಅವಳು ಮುಖ ಊದಿಸಿಕೊಂಡು, ಬಿಚ್ಚಿದ ಚಕ್ರಗಳನ್ನು ಕಾರಿನ ಎರಡೂ ಪಕ್ಕದ ಅಂಚಿನ ಕೆಳಗೆ ಒಂದೊಂದಾಗಿ ಮಲಗಿಸಿ ಒಳಗೆ ತಳ್ಳಿದಳು, ನೀನು ಕಲಿಸಿದ್ದಂತೆ. ನಾನು ಅದಕ್ಕೂ ನಕ್ಕೆ.

ಆಮೇಲೆ ನಾನು ಕೆಳಗೆ ಹೋದೆ. ನಮ್ಮ ಗ್ಯಾರೇಜಿನ ನೆಲ ರಸ್ತೆಯ ಕಡೆಗೆ ಇಳಿಜಾರು, ನಿನಗೆ ಗೊತ್ತೇ ಇದೆ. ಕಾರಿನ ಮೂತಿಯೂ ಆ ಕಡೆಗೇ ಇತ್ತು. ಹ್ಯಾಂಡ್‌ಬ್ರೇಕ್ ಮೊದಲೇ ಇಲ್ಲ. ಗೇರಿನಲ್ಲಿ ನಿಲ್ಲಿಸಿರಲಿಲ್ಲ. ಮುಂದಿನ ಚಕ್ರ ಉರುಳದಂತೆ ಅಡ್ಡ ಕೊಡುವ ಮರದ ತುಂಡನ್ನೂ ಕೊಟ್ಟಿರಲಿಲ್ಲ, ಯಾಕೆಂದರೆ ಮೇಷ್ಟ್ರು ನನ್ನ ಕೈಗುಣ ಹೊಗಳುತ್ತಿದ್ದರು, ನಾನು ಉಬ್ಬಿಹೋಗಿದ್ದೆ. ತುಕ್ಕು ಹಿಡಿದ ಬೋಲ್ಟ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಒಂದು ಸಲ ಜಗ್ಗಿದ್ದಾಯಿತು, ಇನ್ನೊಂದು ಸಲ ಜಗ್ಗಿದ್ದಾಯಿತು. ಕಾರು ಒಂದು ಬೆರಳಷ್ಟು ಮುಂದೆ ಸರಿಯಿತು, ಜ್ಯಾಕ್ ವಾಲಿತು. ವಾಲುವುದು ಕಣ್ಣಿಗೆ ಕಾಣುತ್ತದೆ ಕಣೋ, ಆದರೆ ಕೂಗುವಷ್ಟು ಹೊತ್ತಿರುವುದಿಲ್ಲ. ಜ್ಯಾಕ್ ಪಕ್ಕಕ್ಕೆ ಸಿಡಿದು ಕಾರಿನ ಹಿಂಭಾಗ ಧಡ್ ಎಂದು ಕೂತುಬಿಟ್ಟಿತು. ಧೂಳೋ ಧೂಳು. ಕಾರಿನಿಂದ ಹೊರಗೆ ಎರಡು ಪಾದ ಮಾತ್ರ. ಎಷ್ಟು ಕೂಗಿದರೂ ಕೆಳಗಿನಿಂದ ಉತ್ತರವಿಲ್ಲ. ಹಾಗೆಂದು ಆಮೇಲೆ ಮೇಷ್ಟ್ರು ಹೇಳಿದರು.

ಪಕ್ಕದ ಅಂಗಡಿಯ ದರ್ಜಿ, ಎದುರಿನ ಬಡಗಿ ಇಬ್ಬರೂ ಓಡಿ ಬಂದರು. ದರ್ಜಿ ಕಾರನ್ನು ಬರಿಗೈಯಲ್ಲೇ ಎತ್ತಲು ಹೊರಟ. ಬಡಗಿ ಅವನ ರಟ್ಟೆ ಹಿಡಿದು, “ಕೈ ಜಾರಿದ್ರೆ ಇನ್ನೊಂದ್ಸಲ ಬೀಳುತ್ತೆ, ಮೊದ್ಲು ಮುಂದಿನ ಚಕ್ರಕ್ಕೆ ಏನಾದ್ರೂ ಕೊಡಿ” ಎಂದ. ಆಗ ಮೇಷ್ಟ್ರು ಎದ್ದರು. ಅವರು ಎದ್ದ ಮೇಲೆ ಹಲಗೆ ಎಳೆದು ಬಿಸಾಡಿ, ಸ್ಟ್ಯಾಂಡುಗಳನ್ನು ತಂದು, ಇನ್ನೊಂದು ಜ್ಯಾಕ್ ಕೊಟ್ಟು ಒಂದೊಂದೇ ಬೆರಳಷ್ಟು ಎತ್ತಿದ್ದಾಯಿತು. ಅಷ್ಟು ಹೊತ್ತೂ ಕಾರನ್ನು ಹೊತ್ತು ನಿಂತದ್ದು ಆ ಮಲಗಿಸಿದ ಎರಡು ಚಕ್ರ. ಎದೆಗೂ ಕಬ್ಬಿಣಕ್ಕೂ ನಡುವೆ ಎರಡು ಬೆರಳು ಜಾಗವಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಗಾಯವಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈಗ ಗ್ಯಾರೇಜಿನಲ್ಲಿ ಬೆಂಚಿಲ್ಲ, ಗಿರಾಕಿಗಳು ಗೊಣಗುತ್ತಾ ನಿಂತಿರುತ್ತಾರೆ. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಗಾಡಿ ಗೇರಿನಲ್ಲಿಟ್ಟು, ಭಾರವನ್ನೆಲ್ಲ ಸ್ಟ್ಯಾಂಡಿನ ಮೇಲೆ ಇಳಿಸಿ, ಎರಡು ಕೈಯಲ್ಲೂ ಹಿಡಿದು ಅಲುಗಾಡಿಸಿ ನೋಡಿದ ಮೇಲೆಯೇ ಯಾರಾದರೂ ಕೆಳಗೆ ಹೋಗುವುದು. ನೀನು ಹೇಳಿದ್ದು ಸರಿ, ನಾನು ನಕ್ಕದ್ದು ತಪ್ಪು. ಅವತ್ತು ನಕ್ಕ ನಾಲ್ವರಲ್ಲಿ ಮೂವರ ಮನೆಗೆ ಹೋಗಿ ಇದೇ ಮಾತು ಹೇಳಿ ಬಂದಿದ್ದೇನೆ. ನಾಲ್ಕನೆಯವನು ಊರು ಬಿಟ್ಟಿದ್ದಾನೆ, ಇಲ್ಲದಿದ್ದರೆ ಅವನಿಗೂ ಹೇಳುತ್ತಿದ್ದೆ. ಸೊಂಟಕ್ಕೆ ಎಣ್ಣೆ ಹಚ್ಚಿಕೋ, ತಣ್ಣನೆಯ ನೆಲದಲ್ಲಿ ಮಲಗಬೇಡ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮೇಲೆ ಯಾವ ಭಾರವೂ ಬೀಳದಿರಲಿ ಎಂದು ಹರಸುವ,
ಅಪ್ಪ

ಮತ್ತೆ: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಕಾರಿನ ಕೆಳಗಿದ್ದದ್ದು ನಾನಲ್ಲ, ನಿನ್ನ ತಂಗಿ. ಸ್ಟ್ಯಾಂಡಿಲ್ಲದೆ ಹೋಗುವುದಿಲ್ಲ ಎಂದವಳನ್ನು ನಾನೇ ಗದರಿಸಿ ಕಳಿಸಿದೆ. ನಾನು ಜ್ಯಾಕಿನ ಪಕ್ಕದಲ್ಲಿ ನಿಂತಿದ್ದೆ. ನಾನೇ ಸಿಕ್ಕಿಕೊಂಡೆ ಎಂದರೆ ಮುದುಕನಿಗೆ ಬುದ್ಧಿ ಬಂತೆಂದು ಸುಮ್ಮನಾಗುತ್ತೀಯ, ಅವಳು ಎಂದರೆ ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದು ಹೆದರಿ ಹಾಗೆ ಬರೆದೆ. ಅಮ್ಮ ಮಂಗಳವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಅದು ನ್ಯಾಯವೇ. ನಿನ್ನ ತಂಗಿಯ ರೀತಿಯೇ ನನಗೆ ತಡೆಯಲಾಗದು. ಆ ಧೂಳಿನೊಳಗಿಂದ ಕೊನೆಗೂ ಅವಳ ದನಿ ಬಂದಾಗ ಅವಳು ಕೇಳಿದ್ದು ಇಷ್ಟೇ: “ಅಪ್ಪಾ, ಜ್ಯಾಕ್ ನಿನ್ನ ಕಾಲ ಮೇಲೆ ಬೀಳ್ಲಿಲ್ಲ ತಾನೆ?” ಅವಳು ಇವತ್ತಿನವರೆಗೂ ನನಗೆ ಒಂದು ಮಾತು ಬೈದಿಲ್ಲ ಕಣೋ. ನೀನಾದರೂ ಬಂದು ಬೈದುಬಿಡು.