ಮೂಲರೂಪಕ್ಕೆ ಮರಳಿದ ಮೋಟಾರ್ ಸೈಕಲ್

ವಾಹನ ತಪಾಸಣಾ ಕಚೇರಿಯ ಮುಖ್ಯಸ್ಥರೇ,

ನನ್ನ ತಂಗಿ ಸತ್ತ ಅಪಘಾತದ ವರದಿಯಲ್ಲಿ ನಿಮ್ಮ ಕಚೇರಿ ಎರಡು ಮಾತು ಬರೆದಿದೆ. ಒಂದು, ವಾಹನ ಮೂಲರೂಪದಲ್ಲಿತ್ತು. ಎರಡು, ಸವಾರರ ಅಜಾಗರೂಕತೆಯೇ ಕಾರಣ. ಮೊದಲನೆಯದು ನಿಜ, ನಿಜವಾದದ್ದರಿಂದಲೇ ಅವಳು ಸತ್ತಳು. ಎರಡನೆಯದನ್ನು ಅಳಿಸಿ ಎಂದು ಕೇಳುವುದಕ್ಕೆ ಈ ಪತ್ರ. ಈ ಮೊದಲು ಖಾಸಗಿಯಾಗಿ ಬರೆದವು ನಿಮ್ಮ ಟಪಾಲು ವಿಭಾಗದಲ್ಲಿ ಸುಖನಿದ್ರೆಯಲ್ಲಿರುವುದರಿಂದ ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತಂಗಿ ಲೇತ್ ಕೆಲಸದವಳು. ಮೈಕಟ್ಟು ಎಷ್ಟು ಸಣ್ಣದೆಂದರೆ ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ 'ಕಡ್ಡಿ'. ಅಪ್ಪ ತೀರಿಕೊಂಡ ಮೇಲೆ ಅವರ ಮೋಟಾರ್ ಸೈಕಲ್ ಅವಳ ಪಾಲಿಗೆ ಬಂತು. ಗಾತ್ರದಲ್ಲಿ ಭಾರಿ, ತಿರುವಿನಲ್ಲಿ ತಕರಾರಿ, ಬ್ರೇಕು ಹಿಡಿದರೆ 'ಪರಿಶೀಲಿಸೋಣ' ಎಂದುಕೊಂಡೇ ಮುಂದೆ ಹೋಗುವ ಜಾತಿ. ಹಿರಿಯ ಅಧಿಕಾರಿಯ ಲಕ್ಷಣಗಳೆಲ್ಲ ಅದರಲ್ಲಿದ್ದವು.

ತಂಗಿ ಅದರ ಕಬ್ಬಿಣದ ಗಾರ್ಡು, ಕ್ಯಾರಿಯರ್, ಪಕ್ಕದ ಪೆಟ್ಟಿಗೆ ಎಲ್ಲ ಬಿಚ್ಚಿದಳು. ಹ್ಯಾಂಡಲ್ ತಗ್ಗಿಸಿದಳು, ಕಾಲಿಡುವ ಜಾಗವನ್ನು ಹಿಂದಕ್ಕೆ ಸರಿಸಿದಳು, ಒಬ್ಬರೇ ಕೂರುವ ಗಿಡ್ಡ ಸೀಟು ಹೊಲಿಸಿದಳು. ಮುಂದಿನ ಹಳೆಯ ಡ್ರಮ್ ಬ್ರೇಕಿನ ಚಕ್ರ ತೆಗೆದು ಡಿಸ್ಕ್ ಬ್ರೇಕಿನ ಚಕ್ರ ಕೂರಿಸಿದಳು. ಅದನ್ನು ಅಚ್ಚಿಗೆ ಹೊಂದಿಸುವ ಲೋಹದ ಬಳೆಗಳನ್ನು, ಅಂದರೆ ಬುಷ್ಷುಗಳನ್ನು, ತಾನೇ ಕಡೆದಳು. ಇಂಥ ಗಾಡಿಗೆ ಕೆಫೆ ರೇಸರ್ ಎನ್ನುತ್ತಾರೆ. ಹೆಸರಿನಲ್ಲಿ ರೇಸಿದೆಯೆಂದು ಹುಬ್ಬು ಗಂಟಿಕ್ಕಬೇಡಿ. ಅವಳು ಅದರಲ್ಲಿ ಹೋಗುತ್ತಿದ್ದದ್ದು ಕೆಲಸಕ್ಕೆ, ಬರುತ್ತಿದ್ದದ್ದು ಮನೆಗೆ. ತೂಕ ಕಳೆದಳು, ಹಿಡಿತ ಪಡೆದಳು, ಅಷ್ಟೆ.

"ಏನೇ ಇದು, ನಿಮ್ಮಪ್ಪನ ಗಾಡೀನ ಪುಕ್ಕ ಕಿತ್ತ ಕೋಳಿ ಥರ ಮಾಡಿಟ್ಟಿದ್ದೀಯ?" ಎಂದಳು ಅಮ್ಮ.

"ಪುಕ್ಕ ಹೋದ್ರೆ ಹೋಗ್ಲಿ ಬಿಡಮ್ಮ. ಈಗ ನಿಲ್ಲು ಅಂದ ಕಡೆ ನಿಲ್ಲುತ್ತೆ. ನಿನ್ನ ಮಗ ನಿಲ್ತಾನಾ?"

"ಅವನು ಹುಟ್ಟಿದಾಗಿಂದ ನಿಂತ ಕಡೇನೇ ನಿಂತಿದಾನಲ್ಲೇ, ಇನ್ನೇನು ನಿಲ್ಲಿಸ್ತೀಯ?"

ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕಲು ಅಮ್ಮ ಬಿಡಲಿಲ್ಲ. ಅಪ್ಪನ ಕೈ ತಾಗಿದ ಕಬ್ಬಿಣ. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟಳು. ತುಕ್ಕು ಹಿಡಿಯಬಾರದೆಂದು ಆಗಾಗ ಹೊರತೆಗೆದು ಎಲ್ಲಕ್ಕೂ ಎಣ್ಣೆ ಸವರುತ್ತಿದ್ದಳು. ಎಲ್ಲಕ್ಕೂ ಎಂದರೆ ಬ್ರೇಕಿಗೂ. ಹಿಡಿದು ನಿಲ್ಲಿಸಬೇಕಾದ ವಸ್ತುವಿಗೆ ಎಣ್ಣೆ ತಾಗಬಾರದೆಂದು ಆಕೆಗೆ ಯಾರು ಹೇಳಬೇಕಿತ್ತು? ಮಗಳಿಗೂ ಗೊತ್ತಿರಲಿಲ್ಲ, ಆಕೆ ಅದನ್ನು ಅಷ್ಟು ಅಕ್ಕರೆಯಿಂದ ಸಾಕುತ್ತಿದ್ದಾಳೆಂದು.

ಆಮೇಲೆ ನಿಮ್ಮವರು ರಸ್ತೆಯಲ್ಲಿ ತಡೆದರು. ವಾಹನವನ್ನು ಮೂಲರೂಪಕ್ಕೆ ತಂದು ಗಡುವಿನೊಳಗೆ ತೋರಿಸಿ, ಇಲ್ಲವಾದರೆ ಗುಜರಿಗೆ ಎಂದರು. ನಿಯಮವೇ ಬೇಡವೆಂದು ನಾನು ಹೇಳುವುದಿಲ್ಲ. ಸೈಲೆನ್ಸರ್ ಕೊಯ್ದು ಊರಿನ ನಿದ್ದೆ ಕೆಡಿಸುವವರನ್ನು ಹಿಡಿಯಿರಿ, ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ಆದರೆ ಬ್ರೇಕು ಉತ್ತಮವಾದದ್ದೂ ಅಪರಾಧವೇ? ನಿಮ್ಮ ಪ್ರಕಾರ ಹೌದು. ತಂಗಿ ಮಂಚದ ಕೆಳಗಿನ ಗಂಟು ಬಿಚ್ಚಿದಳು, ಎಲ್ಲವನ್ನೂ ಮತ್ತೆ ಜೋಡಿಸಿದಳು, ಬ್ರೇಕು ಹಿಡಿದು ನೋಡಿದಳು. ಮುಖ ಸಪ್ಪಗಾಯಿತು. ಪೆಟ್ರೋಲ್ ಹಾಕಿ ಎಷ್ಟು ತಿಕ್ಕಿದರೂ ಹೀರಿಕೊಂಡ ಎಣ್ಣೆ ಹೋಗಲಿಲ್ಲ. ಹಾಗಾಗಿ ಕೊನೆಯ ದಿನ ಅದನ್ನು ಓಡಿಸದೆ, ಬಾಡಿಗೆ ಟೆಂಪೋದಲ್ಲಿ ಹೇರಿಸಿಕೊಂಡು ನಿಮ್ಮಲ್ಲಿಗೆ ತಂದಳು. ಜೊತೆಗೆ ನಾನಿದ್ದೆ.

"ಸಾರ್, ಬ್ರೇಕ್ ಲೈನಿಂಗ್ ಎಣ್ಣೆ ಕುಡಿದುಬಿಟ್ಟಿದೆ, ಹಿಡಿಯಲ್ಲ. ಹಳೇ ಮಾಡೆಲ್ಲು, ಹೊಸದು ಬರೋಕೆ ವಾರ ಆಗುತ್ತೆ. ಅಲ್ಲೀತನಕ ಡಿಸ್ಕ್ ಚಕ್ರಾನೇ ಇರ್ಲಿ ಅಂತ ಬರೆದುಕೊಡಿ."

ನಿಮ್ಮ ತಪಾಸಣಾಧಿಕಾರಿ ಗಾಡಿಯನ್ನೂ ಕಡತದಲ್ಲಿದ್ದ ಅದರ ಮೂಲರೂಪದ ಫೋಟೋವನ್ನೂ ನೋಡಿದರು. "ಫೋಟೋದಲ್ಲಿ ಇರೋದು ಇದೇ ಬ್ರೇಕ್ ತಾನೆ? ಸರಿಯಾಗೇ ಇದೆಯಲ್ಲಮ್ಮ."

"ಒಂದ್ಸಲ ಹಿಡಿದು ನೋಡಿ ಸಾರ್."

"ಅದು ನಮ್ಮ ಕೆಲಸ ಅಲ್ಲ. ರೂಪ ಸರಿ ಇದ್ಯಾ ಅನ್ನೋದಷ್ಟೇ ನಮಗೆ." ಮುದ್ರೆ ಬಿತ್ತು.

ಆಕಾರ ನೋಡಲು ಅಧಿಕಾರವಿದೆ, ಬ್ರೇಕು ಹಿಡಿಯಲು ಕೈಯಿಲ್ಲ. ಪ್ರಾಸ ನನ್ನ ಹಳೇ ಚಟ, ಕ್ಷಮಿಸಿ. ಇಂಥ ಹೊತ್ತಿನಲ್ಲೂ ಬಿಡುವುದಿಲ್ಲ.

ಟೆಂಪೋದವನು ಆಗಲೇ ಹೊರಟುಹೋಗಿದ್ದ. ಗಾಡಿಯನ್ನು ಒಂದು ರಾತ್ರಿ ನಿಮ್ಮ ಅಂಗಳದಲ್ಲೇ ಬಿಡುತ್ತೇವೆಂದು ಕೇಳಿಕೊಂಡೆವು. ಬಿಟ್ಟರೆ ಜಪ್ತಿ ಎಂದರು, ಗೇಟು ಹಾಕಿದರು. ನಿಮ್ಮ ಗೇಟಿನಿಂದಲೇ ಇಳಿಜಾರು. ಇಬ್ಬರೂ ಸೇರಿ ತಳ್ಳಿಕೊಂಡು ಇಳಿಸಲು ನೋಡಿದೆವು; ಆ ತೂಕ ನಮ್ಮನ್ನೇ ಎಳೆದುಕೊಂಡು ಹೋಗತೊಡಗಿತು. ಆಗ ಅವಳು ಹತ್ತಿ ಕುಳಿತಳು.

"ಫಸ್ಟ್ ಗೇರಲ್ಲೇ ನಿಧಾನಕ್ಕೆ ಇಳಿಸ್ತೀನಿ. ನೀನು ಹಿಂದಿಂದ ನಡ್ಕೊಂಡು ಬಾ ಅಣ್ಣ. ಹಿಡ್ಕೋಬೇಡ, ನಿನ್ನ ಭಾರ ಬೇರೆ ಬೇಡ."

ಅರ್ಧ ಇಳಿಜಾರಿನಲ್ಲಿ ಪಕ್ಕದ ಗೋದಾಮಿನಿಂದ ಲಾರಿಯೊಂದು ಹಿಂದಕ್ಕೆ ಸರಿಯುತ್ತಾ ರಸ್ತೆಗೆ ಬಂತು. ಅವಳ ಬಲಗೈ ಬ್ರೇಕನ್ನು ಪೂರ್ತಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಹಿಂದಿನ ಬ್ರೇಕನ್ನು ತುಳಿದದ್ದನ್ನೂ ಕಂಡೆ. ಆ ಇಳಿಜಾರಿನಲ್ಲಿ ಆ ತೂಕಕ್ಕೆ ಹಿಂದಿನದೊಂದೇ ಸಾಲಲಿಲ್ಲ, ಗಾಡಿ ನಿಲ್ಲಲಿಲ್ಲ.

ಇದರಲ್ಲಿ ಅಜಾಗರೂಕತೆ ಎಲ್ಲಿದೆ, ತೋರಿಸಿ. ಬ್ರೇಕು ಹಿಡಿಯುವುದಿಲ್ಲವೆಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ನಮ್ಮ ಮನೆಯಲ್ಲಿ ತಪ್ಪು ಹೊರಲು ಜನಕ್ಕೆ ಬರವಿಲ್ಲ. 'ಎಣ್ಣೆ ಸವರಿದ್ದು ನಾನೇ' ಎನ್ನುತ್ತಾ ಅಮ್ಮ ಸೋಪು ಹಚ್ಚಿ ಕೈ ತೊಳೆಯುತ್ತಲೇ ಇರುತ್ತಾಳೆ. ಚರ್ಮ ಸುಲಿದುಹೋಗಿದೆ, ಕೈ ಇನ್ನೂ ಚೊಕ್ಕಟವಾಗಿಲ್ಲವಂತೆ. ನಿಮ್ಮ ಕಚೇರಿಗೆ ಒಂದು ಮುದ್ರೆ ಸಾಕಾಯಿತು.

ಅವಳು ಬಿಚ್ಚಿಟ್ಟ ಡಿಸ್ಕ್ ಚಕ್ರ ವರ್ಕ್‌ಶಾಪಿನ ಗೋಡೆಯಲ್ಲಿ, ಬ್ರೇಕಿನ ಸಮೇತ, ಹಾಗೇ ಇದೆ. ತಾವೇ ಬನ್ನಿ. ಜೋರಾಗಿ ತಿರುಗಿಸಿ, ಬ್ರೇಕು ಹಿಡಿಯಿರಿ. ಅದು ಎಷ್ಟು ಬೇಗ ನಿಲ್ಲುತ್ತದೆಂದು ನೋಡಿದ ಮೇಲೆ 'ಸವಾರರ ಅಜಾಗರೂಕತೆ' ಎಂಬ ಮಾತನ್ನು ಹೊಡೆದುಹಾಕಿ, 'ಬ್ರೇಕು ಕೆಟ್ಟಿದೆಯೆಂದು ಸವಾರರು ಮೊದಲೇ ತಿಳಿಸಿದ್ದರು' ಎಂದು ನಿಮ್ಮ ಕೈಯಾರೆ ಬರೆಯಿರಿ. ಆ ಹಾಳೆಯನ್ನು ನಾನು ಅಮ್ಮನಿಗೆ ಓದಿ ಹೇಳಬೇಕು.

ಇಂತಿ,
ಆ ಇಳಿಜಾರಿನಲ್ಲಿ, ಹೇಳಿದ ಮಾತು ಕೇಳಿ, ಹಿಡಿದುಕೊಳ್ಳದೆ ಹಿಂದೆ ನಡೆದು ಬಂದ
ಅಣ್ಣ