ಮರ್ವ್‌ನ ಬೆಳಗಿನ ತೂಕ

ಎಡ್ನಾಳ ಮನೆ, ಬರ್ನಿ,
ಜನವರಿ ೪

ಪ್ರೀತಿಯ ಮರ್ವ್,

'ಪ್ರೀತಿಯ' ಎಂದು ಕೈ ರೂಢಿಯಿಂದ ಬರೆಯಿತು, ತಲೆಗೇರಿಸಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಕೇಳಿಸಿಕೊಳ್ಳುವುದಿಲ್ಲ. ಆಸ್ಪತ್ರೆಯ ಮಂಚದಲ್ಲಿ ಬೇರೆ ಕೆಲಸವಿಲ್ಲದೆ ಬಿದ್ದಿರುವವನು ಕಾಗದವನ್ನಾದರೂ ಓದಿಯಾನು ಎಂದು ಬರೆಯುತ್ತಿದ್ದೇನೆ.

ಮೊದಲು ಜಗಳ ಮುಗಿಸುತ್ತೇನೆ. ಹೃದಯದ ಕ್ಲಿನಿಕ್ಕಿನ ಫಾರಂನಲ್ಲಿ 'ಮನೆಯಲ್ಲಿ ಜೊತೆಗಿರುವವರು: ಹೆಂಡತಿ' ಎಂದು ತುಂಬಿ, ನನ್ನ ಮೊಬೈಲ್ ನಂಬರ್ ಕೊಟ್ಟವನು ನೀನೇ ತಾನೆ? ನಾನು ನಿನ್ನನ್ನು ಬಿಟ್ಟು ತಂಗಿ ಎಡ್ನಾಳ ಮನೆಗೆ ಬಂದು ಎರಡು ವರ್ಷವಾಯಿತು. ನಿನ್ನ ಗಮನಕ್ಕೆ ಬಂದಿಲ್ಲವೇನೋ. ಅವತ್ತು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು "ನಾನು ಹೊರಟೆ" ಎಂದರೆ, ಟಿವಿಯ ಕ್ರಿಕೆಟ್‌ನಿಂದ ಕಣ್ಣು ಕೀಳದೆ "ಬರ್ತಾ ಹಾಲು ತಗೊಂಡ್ ಬಾ" ಎಂದವನು ನೀನು.

ನವೆಂಬರಿನಲ್ಲಿ ನರ್ಸ್ ರೊವೆನಾ ಫೋನ್ ಮಾಡಿದಳು. "ನಿಮ್ಮನೆಯವರ ಹಾರ್ಟು ರಕ್ತಾನ ಚೆನ್ನಾಗೇ ಹೊರಗೆ ತಳ್ಳುತ್ತೆ. ಆದ್ರೆ ಬಿಗ್ಕೊಂಡ್ಬಿಟ್ಟಿದೆ, ಸಡಿಲ ಆಗಿ ಒಳಗೆ ಬಿಟ್ಕೊಳ್ಳಲ್ಲ" ಎಂದಳು. ಇದನ್ನು ನಾನು ನಲವತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ, ಅದೂ ಯಾವ ಸ್ಕ್ಯಾನಿಂಗ್ ಇಲ್ಲದೆ.

ಎಷ್ಟು ಕಾಲ ಉಳಿಯಬಹುದು ಎಂದು ಕೇಳಿದೆ. ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ, ಉಪ್ಪು ಎಂದು ಒಂದೊಂದಾಗಿ ಹೇಳುತ್ತಾ ಹೋದಳು. ಎಲ್ಲದರಲ್ಲೂ ನೀನು ಫೇಲು. ಕೊನೆಗೆ, "ಒಂಟಿಯಾಗಿರೋರ ಪಾಡು ಇನ್ನೂ ಕಷ್ಟ. ಸದ್ಯ, ಇವರಿಗೆ ನೀವಿದ್ದೀರಲ್ಲ. ದಿನಾ ಬೆಳಿಗ್ಗೆ ತೂಕ ನೋಡಿ ನಂಗೆ ಹೇಳಿ. ದಿಢೀರಂತ ಎರಡು ಕಿಲೋ ಏರಿದ್ರೆ ಮೈಯಲ್ಲಿ ನೀರು ತುಂಬಿದೆ ಅಂತ" ಎಂದಳು. ನೀನು ಪಾಸಾಗಿದ್ದ ಒಂದೇ ವಿಷಯವನ್ನು ನಾನೇ ಹೇಗೆ ಹೊಡೆದುಹಾಕಲಿ? ಆಗಲಿ ಎಂದುಬಿಟ್ಟೆ.

ಅಂದಿನಿಂದ ದಿನವೂ ಎಂಟು ಗಂಟೆಗೆ ನಿನ್ನ ತೂಕ ಹೇಳಿದ್ದೇನೆ. ನೂರೈವತ್ತು ಕಿಲೋಮೀಟರ್ ದೂರದಿಂದ ಹೇಗೆ ಎಂದು ಕೇಳಬೇಡ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ತೂಕ ಗೊತ್ತಿರುತ್ತದೆ. ಡಿಸೆಂಬರ್ ಇಪ್ಪತ್ತೆಂಟರಂದು ಎರಡು ಕಿಲೋ ಏರಿದೆ ಎಂದೆ. ರೊವೆನಾ ತಕ್ಷಣ ಆಂಬ್ಯುಲೆನ್ಸ್ ಕಳಿಸಿದಳು. ನೀನು ಕುರ್ಚಿಯಲ್ಲಿ ಕೂತು ಉಸಿರಿಗೆ ಒದ್ದಾಡುತ್ತಿದ್ದೆಯಂತೆ. ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲವಂತೆ. ಬೌಲ್ಸ್ ಆಟದ ಕ್ಲಬ್ಬಿನ ಲಾಟರಿಯಲ್ಲಿ ನೀನು ಗೆದ್ದ ಕ್ರಿಸ್‌ಮಸ್ ಹ್ಯಾಮ್, ಆ ಉಪ್ಪುಪ್ಪು ಹಂದಿತೊಡೆ, ಮೇಜಿನ ಮೇಲಿತ್ತಂತೆ, ಮೂಳೆ ಮಾತ್ರ.

ಇನ್ನೊಂದು ದಿನ ತಡವಾಗಿದ್ದರೆ ನೀನು ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಫೋನ್ ಇಟ್ಟು ಬಚ್ಚಲುಮನೆಯಲ್ಲಿ ಕೂತು ಅತ್ತೆ, ಮರ್ವ್. ನಿನ್ನ ಜೊತೆಗಿರದೆ ಬದುಕಬಲ್ಲೆ, ಎರಡು ವರ್ಷ ಬದುಕಿ ತೋರಿಸಿದ್ದೇನೆ. ನೀನು ಎಲ್ಲಿಯೂ ಇಲ್ಲ ಎಂದರೆ ಮಾತ್ರ ನನ್ನಿಂದಾಗದು.

ಈಗ ಡಾಕ್ಟರು ನನ್ನ ಎಚ್ಚರಿಕೆಯನ್ನು ವಾರ್ಡಿಗೆಲ್ಲ ಹೊಗಳುತ್ತಿದ್ದಾರಂತೆ. "ಸೋಮವಾರ ಮನೆಗೆ ಕಳಿಸ್ತೀವಿ, ನೀವಿರ್ತೀರಲ್ಲ?" ಎಂದು ರೊವೆನಾ ಕೇಳಿದಳು. ಇರುತ್ತೇನೆ ಎಂದೆ. ಇನ್ನೊಂದು ಸುಳ್ಳು ಹೇಳುವ ಧೈರ್ಯ ನನಗಿಲ್ಲ.

ಫಾರಂನಲ್ಲಿರುವ ನಿನ್ನ ಹೆಂಡತಿ,
ಡಲ್ಸಿ

ಮರೆತ ಮಾತು: ಆ ತೂಕವೆಲ್ಲ ನನ್ನದು. ದಿನವೂ ಎಡ್ನಾಳ ತೂಕದ ಯಂತ್ರ ಹತ್ತಿ, ನಿನ್ನ ಹೊಟ್ಟೆಯ ಲೆಕ್ಕಕ್ಕೆ ಇಪ್ಪತ್ತು ಕಿಲೋ ಸೇರಿಸಿ ಹೇಳುತ್ತಿದ್ದೆ. ಏರಿದ್ದ ಎರಡು ಕಿಲೋ, ಹಬ್ಬಕ್ಕೆ ಎಡ್ನಾ ಮಾಡಿದ್ದ ಕೆನೆ ತುಂಬಿದ ಪಾವ್ಲೋವಾ ಕೇಕ್. ರೊವೆನಾಗೆ ಹೇಳಬೇಡ. ಯಂತ್ರ ತರುತ್ತಿದ್ದೇನೆ, ಇನ್ನು ನೀನೇ ಹತ್ತು. ಬರುತ್ತಾ ಹಾಲನ್ನೂ ತರುತ್ತೇನೆ.