ದುಃಖದ ಪಾಠ ಕೈಬಿಡಬೇಡಿ

ಹಾಸನ, ಜೂನ್ ೧೯೪೬

ಮಾನ್ಯ ಪ್ರಿನ್ಸಿಪಾಲರಿಗೆ ಸೀನಿಯರ್ ಇಂಟರ್‌ಮೀಡಿಯೆಟ್ ತರಗತಿಯ ಗಂಗಾಂಬಿಕೆಯ ನಮಸ್ಕಾರಗಳು.

ಈ ವರ್ಷದಿಂದ ಮನಶ್ಶಾಸ್ತ್ರವನ್ನು ತರ್ಕಶಾಸ್ತ್ರದ ಜೊತೆ ಸೇರಿಸಿ ಒಂದೇ ಪತ್ರಿಕೆ ಮಾಡುವಿರೆಂದೂ, ಭಯ ಮತ್ತು ದುಃಖದ ಪಾಠಗಳನ್ನು ಕೈಬಿಡುವಿರೆಂದೂ ನೋಟೀಸಿನಲ್ಲಿ ಓದಿದೆ. ಹೊರೆ ಇಳಿಯಿತೆಂದು ಎಲ್ಲರಿಗೂ ಸಂತೋಷ. ನನಗೆ ಆಗಲಿಲ್ಲ.

ಹೋದ ವರ್ಷ ನನ್ನ ಪುಟ್ಟ ತಮ್ಮ ಜ್ವರದಿಂದ ತೀರಿಕೊಂಡ. ಅಂದಿನಿಂದ ಅಮ್ಮ ಮಾತು ಬಿಟ್ಟರು. ಹೊಳೆನರಸೀಪುರದಿಂದ ಬಂದ ಸೋದರತ್ತೆ ಅಪ್ಪನಿಗೆ, "ಗಾಳಿ ಮೆಟ್ಕೊಂಡೈತೆ ಕಣಣ್ಣ, ಮಂತ್ರವಾದಿ ತಾವ ಕರ್ಕೊಂಡೋಗು" ಎಂದರು. ಅಪ್ಪ ಕರೆದೊಯ್ದರು. ಮಂತ್ರವಾದಿ ಅಮ್ಮನಿಗೆ ಬೇವಿನ ಕಡ್ಡಿಯಿಂದ ಹೊಡೆದ. ಅಮ್ಮ ಅಳಲೂ ಇಲ್ಲ.

ದುಃಖದ ಪಾಠ ಮುಗಿದ ದಿನ ನಾನು ಮನಶ್ಶಾಸ್ತ್ರ ಕಲಿಸುವ ಗೌರೀಶಂಕರ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. "ಮನೇಲಿ ಯಾರಾದ್ರೂ ಮಗುವಿನ ಹೆಸರು ಹೇಳ್ತೀರೇನಮ್ಮ?" ಎಂದು ಕೇಳಿದರು. ನಾವು ಯಾರೂ ಹೇಳುತ್ತಿರಲಿಲ್ಲ. ಆ ಸಂಜೆ ಅಮ್ಮನ ಪಕ್ಕ ಕುಳಿತು, "ನಮ್ಮ ಗುರುಲಿಂಗ ನಕ್ರೆ ಬಲಗೆನ್ನೇಲಿ ಗುಳಿ ಬೀಳ್ತಿತ್ತು, ಅಲ್ವೇನಮ್ಮ?" ಎಂದೆ. ಅಮ್ಮ, "ಎಡಗೆನ್ನೆ ಕಣೇ" ಎಂದರು. ಆಮೇಲೆ ಅತ್ತರು. ಮಾರನೆಯ ದಿನ ನನಗೆ ಜಡೆ ಹಾಕಿದರು.

ಪರೀಕ್ಷೆಗೆ ಇಡದಿದ್ದರೂ ಚಿಂತೆಯಿಲ್ಲ. ವಾರಕ್ಕೊಂದು ಗಂಟೆ ಆ ಪಾಠ ಹೇಳಲು ಮೇಷ್ಟ್ರಿಗೆ ಅಪ್ಪಣೆ ಕೊಡಬೇಕೆಂದು ಬೇಡುತ್ತೇನೆ.

ನಾನು ಬರೆಯುತ್ತಿರುವುದನ್ನು ಓದಿಸಿ ಕೇಳಿದ ಅಮ್ಮ, "ಪರೀಕ್ಷೆ ಇಲ್ದಿದ್ರೆ ನಾನೂ ಬಂದು ಹಿಂದ್ಗಡೆ ಕೂತ್ಕೋಬೋದಾ, ಕೇಳು" ಎಂದರು. ಕೇಳಿದ್ದೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
ಗಂಗಾಂಬಿಕೆ